ಬಾರ್ಬರಾ ಯಾರು? ಬರ್ಬರ ಯಾರು?

ಗೆಳೆಯರೇ, ಇವತ್ತು ಒಂದು ಹೆಣ್ಣಿನ ಹೆಸರಿನಿಂದ ಶುರು ಮಾಡುತ್ತೇನೆ. ಬಾರ್ಬರಾ.

ಬೆಂಗಳೂರಿನ ಅಂಚಿನಲ್ಲಿ ಒಂದು ಕಂಪನಿ. ಅದರ ಹೆಸರು ಬೇಡ, ಅಂಥವು ನೂರಾರಿವೆ. ಅಲ್ಲಿ ನಾನೂ ಕೆಲವು ವರ್ಷ ಸಂಬಳದ ಕೂಲಿ ಮಾಡಿದವನು. ಒಂದು ಸಲ ಜರ್ಮನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಹೆಸರು ಬಾರ್ಬರಾ. ಬರುವ ಎರಡು ದಿನ ಮುಂಚೆ ನಮ್ಮ ಮ್ಯಾನೇಜರು ಎಲ್ಲರನ್ನೂ ಕೂರಿಸಿ ಆ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಪಾಠ ಮಾಡಿದರು. ಒತ್ತು ಎಲ್ಲಿ ಬರಬೇಕು, ದೀರ್ಘ ಎಲ್ಲಿ ಎಳೆಯಬೇಕು ಎಂದೆಲ್ಲ ಹೇಳಿದರು. ನಾವೂ ಒಂದನೇ ಇಯತ್ತೆಯ ಮಕ್ಕಳ ಹಾಗೆ ಮೂರು ಮೂರು ಸಲ ಹೇಳಿ ಒಪ್ಪಿಸಿದೆವು.

ಆ ದಿನ ಬಂತು. ನಮ್ಮ ಜೊತೆ ರೋಣದ ಕಡೆಯ ಒಬ್ಬ ಹುಡುಗನಿದ್ದ. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಅವನು ಮೆಟ್ಟಿಲು ಹತ್ತಿ ಓಡಿ ಬಂದು ಏದುಸಿರು ಬಿಡುತ್ತ ಹೇಳಿದ: "ಬರ್ಬರಾ ಮೇಡಮ್ಮಾರು ಬಂದಾರ್ರೀ! ಕೆಳಗ ನಿಂತಾರ, ಲಗೂನ ಬರ್ರೀ!"

ಇಡೀ ಮಹಡಿ ನಕ್ಕಿತು. ಆಮೇಲೆ ಆರು ತಿಂಗಳ ಕಾಲ ಅವನು ಒಳಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು "ಬಂದಾರ್ರೀ" ಎಂದು ಎಳೆಯುತ್ತಿದ್ದರು. ನಕ್ಕವರು ಯಾರು? ಹಿಂದಿಯವರಲ್ಲ, ತಮಿಳರಲ್ಲ. ಅವರಿಗೆ ಅರ್ಥವೇ ಆಗಿರಲಿಲ್ಲ. ನಕ್ಕವರು ಬೆಂಗಳೂರು, ತುಮಕೂರು, ಮೈಸೂರಿನ ಅಪ್ಪಟ ಕನ್ನಡಿಗರು. ಅವರಲ್ಲಿ ನಾನೂ ಒಬ್ಬ.

ಆರು ತಿಂಗಳಾದ ಮೇಲೆ ಆ ಹುಡುಗ ನಮ್ಮ ಜೊತೆ ಇಂಗ್ಲಿಷಿನಲ್ಲೇ ಮಾತಾಡತೊಡಗಿದ. ಊರಿನಿಂದ ಅವ್ವನ ಫೋನು ಬಂದರೆ ಎದ್ದು ಹಿಂಬದಿಯ ಮೆಟ್ಟಿಲಿಗೆ ಹೋಗಿ, ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದ. ಕನ್ನಡ ನಾಡಿನ ರಾಜಧಾನಿಯಲ್ಲಿ, ಕನ್ನಡಿಗರ ನಡುವೆ, ಒಬ್ಬ ಕನ್ನಡಿಗ ತನ್ನ ಹೆತ್ತವ್ವನ ಜೊತೆ ಕನ್ನಡದಲ್ಲಿ ಮಾತಾಡಲು ಅಡಗಿಕೊಳ್ಳಬೇಕಾಯಿತು!

ಇದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಆ ಹೆಸರಿನ ಅರ್ಥ ತಿಳಿದ ದಿನ ಮುಳ್ಳು ಇನ್ನೂ ಆಳಕ್ಕೆ ಇಳಿಯಿತು.

ಹೆಸರಿನ ಹೊಟ್ಟೆಯೊಳಗೆ ಏನಿದೆ?

ಬಾರ್ಬರಾ ಗ್ರೀಕ್ ಮೂಲದ ಹೆಸರು. 'ಬಾರ್ಬರೋಸ್' ಎಂಬ ಗ್ರೀಕ್ ಶಬ್ದದ ಸ್ತ್ರೀರೂಪ. ಅರ್ಥ: ಪರಕೀಯಳು, ಪರಭಾಷೆಯವಳು. ಗ್ರೀಕ್ ಬಾರದವರು ಮಾತಾಡಿದರೆ ಗ್ರೀಕರ ಕಿವಿಗೆ 'ಬರ್ ಬರ್ ಬರ್' ಎಂದು ಕೇಳಿಸುತ್ತಿತ್ತಂತೆ. ಆ ಅಣಕದಿಂದಲೇ ಶಬ್ದ ಹುಟ್ಟಿತು. ಹೋಮರನ ಇಲಿಯಡ್ ಕಾವ್ಯದ ಎರಡನೆಯ ಭಾಗದಲ್ಲೇ ಕಾರಿಯಾ ಎಂಬ ಸೀಮೆಯ ಜನರನ್ನು 'ಬರ್ಬರ ಮಾತಿನವರು' ಎಂದು ಕರೆದಿದೆ. ಗಮನಿಸಿ, ಅಲ್ಲಿ ಎತ್ತಿ ಹೇಳಿದ್ದು ಅವರ ಕ್ರೌರ್ಯವನ್ನಲ್ಲ, ಅವರ ಬಾಯಿಂದ ಬಂದ ಮಾತನ್ನು. ಕ್ರೂರಿ, ಅನಾಗರಿಕ ಎಂಬ ಅರ್ಥವೆಲ್ಲ ಆಮೇಲೆ ಅಂಟಿಕೊಂಡಿತು. ಮೊದಲು ಮಾತನ್ನು ಅಣಕಿಸಿದರು, ಆಮೇಲೆ ಮನುಷ್ಯನನ್ನೇ ಕೀಳು ಮಾಡಿದರು. ಜಗತ್ತಿನ ಎಲ್ಲ ಭಾಷಾ ದೌರ್ಜನ್ಯ ನಡೆದು ಬಂದ ದಾರಿ ಇದೇ.

ಈಗ ನಮ್ಮ ಪತ್ರಿಕೆಗಳ ಅಪರಾಧ ಪುಟ ತೆಗೆದು ನೋಡಿ. 'ಬರ್ಬರ ಹತ್ಯೆ' ಎಂಬ ತಲೆಬರಹ ಇಲ್ಲದ ದಿನವುಂಟೇ? ಈ 'ಬರ್ಬರ' ನಮಗೆ ಸಂಸ್ಕೃತದಿಂದ ಬಂದದ್ದು. ಸಂಸ್ಕೃತದಲ್ಲಿ ಅದಕ್ಕೆ ತೊದಲುವವನು ಎಂಬ ಅರ್ಥವೂ ಇದೆ, ಆರ್ಯರಲ್ಲದ ಹೊರಗಿನ ಜನ ಎಂಬ ಅರ್ಥವೂ ಇದೆ. ಗ್ರೀಕ್ ಬಾರ್ಬರೋಸ್, ಸಂಸ್ಕೃತ ಬರ್ಬರ ಒಂದೇ ಬಳ್ಳಿಯ ಕಾಯಿಗಳು. ಮಹಾಭಾರತದಲ್ಲಿ ಬರ್ಬರರು ಒಂದು ಜನಾಂಗವಾಗಿ ಬರುತ್ತಾರೆ. ಯಾರ ಜೊತೆಯಲ್ಲಿ ಗೊತ್ತೇ? ಯವನರ ಜೊತೆಯಲ್ಲಿ! ಯವನರೆಂದರೆ ಗ್ರೀಕರು. ಲೋಕವನ್ನೆಲ್ಲ ಬರ್ಬರ ಎಂದ ಗ್ರೀಕರನ್ನು ನಮ್ಮವರು ಅದೇ ಸಾಲಿನಲ್ಲಿ ಕೂರಿಸಿ ಮ್ಲೇಚ್ಛರು ಎಂದರು. ಮ್ಲೇಚ್ಛ ಎಂದರೂ ಅಸ್ಪಷ್ಟವಾಗಿ ಮಾತಾಡುವವನೇ.

ಅಂದಮೇಲೆ ರೋಣದ ಹುಡುಗ 'ಬಾರ್ಬರಾ' ಎನ್ನುವ ಬದಲು 'ಬರ್ಬರಾ' ಎಂದಾಗ ತಪ್ಪೇನಾಯಿತು? ಇಂಗ್ಲಿಷಿನ ದೀರ್ಘ ಬಿಟ್ಟು, ಆ ಶಬ್ದದ ಮೂಲ ಅರ್ಥವನ್ನೇ ನಮ್ಮ ಮುಂದಿಟ್ಟ. ನಗಬೇಕಾದವನು ಅವನು!

ಬೈಗುಳ ಮಗಳ ಹೆಸರಾದದ್ದು

ನಿಮಗೊಂದು ಅನುಮಾನ ಬರಬಹುದು. ಇಂಥ ಅರ್ಥದ ಹೆಸರನ್ನು ಯಾವ ತಂದೆ ತಾಯಿ ಹೆತ್ತ ಮಗಳಿಗೆ ಇಡುತ್ತಾರೆ?

ಇಟ್ಟರು, ಲಕ್ಷಾಂತರ ಜನ ಇಟ್ಟರು. ಅದಕ್ಕೆ ಕಾರಣ ಒಬ್ಬ ಹುಡುಗಿ. ಕ್ರೈಸ್ತರ ಐತಿಹ್ಯದಲ್ಲಿ ಸಂತ ಬಾರ್ಬರಾ ಎಂಬವಳ ಕಥೆಯಿದೆ. ತಂದೆ ಅವಳನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ. ತನ್ನ ನಂಬಿಕೆ ಬಿಡಲಾರೆ ಎಂದ ಮಗಳ ತಲೆಯನ್ನು ತಾನೇ ಕಡಿಯುತ್ತಾನೆ. ಆ ಕ್ಷಣವೇ ಸಿಡಿಲು ಬಡಿದು ಸಾಯುತ್ತಾನೆ. ಸಿಡಿಲಿನ ಈ ಕಥೆಯಿಂದಾಗಿ ಮದ್ದುಗುಂಡಿನ ಜೊತೆ ಕೆಲಸ ಮಾಡುವವರೆಲ್ಲ, ಅಂದರೆ ಫಿರಂಗಿಯವರು, ಗಣಿ ಕಾರ್ಮಿಕರು, ಸುರಂಗ ತೋಡುವವರು, ಅವಳನ್ನು ಕಾಯುವ ತಾಯಿ ಎಂದು ನಂಬಿದರು. ಯೂರೋಪಿನಲ್ಲಿ ಸುರಂಗದ ಬಾಯಲ್ಲಿ ಅವಳ ಪುಟ್ಟ ಮೂರ್ತಿ ಇಟ್ಟು ಕೆಲಸ ಶುರು ಮಾಡುವ ರೂಢಿ ಇಂದಿಗೂ ಇದೆ. ಡಿಸೆಂಬರ್ 4 ಅವಳ ಹಬ್ಬ. ಜರ್ಮನಿಯಲ್ಲಿ ಆ ದಿನ ಚೆರಿ ಮರದ ಒಣ ಕೊಂಬೆ ಕಡಿದು ನೀರಲ್ಲಿಡುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಅದು ಹೂ ಬಿಡಲಿ ಎಂದು. ಕಥೆಗೆ ಇತಿಹಾಸದ ಆಧಾರ ಗಟ್ಟಿಯಿಲ್ಲವೆಂದು ಕ್ಯಾಥೊಲಿಕ್ ಚರ್ಚು 1969ರಲ್ಲಿ ಅವಳ ಹಬ್ಬವನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಜನ ಹೆಸರನ್ನು ಕೈಬಿಡಲಿಲ್ಲ.

ರಷ್ಯಾದಲ್ಲಿ ಅದು ವರ್ವಾರಾ ಆಯಿತು, ಹಂಗೇರಿಯಲ್ಲಿ ಬೋರ್ಬಾಲಾ, ಸ್ವೀಡನ್ನಿನಲ್ಲಿ ಬಾರ್ಬ್ರೋ, ಪೋಲೆಂಡಿನಲ್ಲಿ ಮುದ್ದಿಗೆ ಬಾಶಾ. ಪ್ರತಿಯೊಂದು ನಾಡೂ ಆ ಹೆಸರನ್ನು ತನ್ನ ನಾಲಗೆಗೆ ತಕ್ಕಂತೆ ತಿದ್ದಿಕೊಂಡಿತು. ಯಾರೂ ಯಾರಿಗೂ ನಗಲಿಲ್ಲ. 1930-40ರ ದಶಕಗಳಲ್ಲಿ ಅಮೆರಿಕದ ಹೆಣ್ಣುಮಕ್ಕಳ ಅತ್ಯಂತ ಜನಪ್ರಿಯ ಹೆಸರುಗಳಲ್ಲಿ ಬಾರ್ಬರಾ ಒಂದಾಗಿತ್ತು.

ಆ ಹೆಸರು ಹೊತ್ತ ಇಬ್ಬರನ್ನು ನೆನೆಯಲೇಬೇಕು. ಒಬ್ಬರು ಬಾರ್ಬರಾ ಮೆಕ್‌ಕ್ಲಿಂಟಾಕ್. ರೋಣ, ನರಗುಂದದ ರೈತರು ಬೆಳೆಯುವ ಗೋವಿನಜೋಳ ಇದೆಯಲ್ಲ, ಅದರ ತೆನೆಯ ಕಾಳುಗಳ ಬಣ್ಣ ನೋಡುತ್ತ ನೋಡುತ್ತ, ವಂಶವಾಹಿಗಳು ಇದ್ದಲ್ಲೇ ಇರುವುದಿಲ್ಲ, ಜಾಗ ಬದಲಿಸುತ್ತವೆ ಎಂದು ಕಂಡುಹಿಡಿದಾಕೆ. 1951ರಲ್ಲಿ ವಿಜ್ಞಾನಿಗಳ ಸಭೆಯ ಮುಂದೆ ಅದನ್ನು ವಿವರಿಸಿದಾಗ ಹೆಚ್ಚಿನವರಿಗೆ ತಲೆಬುಡ ತಿಳಿಯಲಿಲ್ಲ. ಅವರ ಪಾಲಿಗೆ ಅದು ಬರ್ ಬರ್ ಮಾತೇ ಆಗಿತ್ತು. ಆಕೆ ಕೆಲಸ ಬಿಡಲಿಲ್ಲ. 1983ರಲ್ಲಿ ನೊಬೆಲ್ ಬಂತು, ಯಾರೊಂದಿಗೂ ಹಂಚಿಕೊಳ್ಳದ ಇಡೀ ಪ್ರಶಸ್ತಿ. ಇನ್ನೊಬ್ಬರು ಬಾರ್ಬರಾ ಲಿಸ್ಕೋವ್. ಸಾಫ್ಟ್‌ವೇರ್ ಕೆಲಸದಲ್ಲಿರುವ ನಿಮ್ಮಲ್ಲಿ ಬಹಳ ಮಂದಿ ಆಕೆಯ ಹೆಸರಿನ ಸೂತ್ರವನ್ನು ಸಂದರ್ಶನಕ್ಕೆ ಉರುಹೊಡೆದಿದ್ದೀರಿ. ಕಂಪ್ಯೂಟರಿಗೆ ಹೊಸ ಭಾಷೆ ಕಟ್ಟಿಕೊಟ್ಟಾಕೆ, 2008ರ ಟ್ಯೂರಿಂಗ್ ಪ್ರಶಸ್ತಿ ಪಡೆದಾಕೆ. 'ಮಾತು ಬಾರದವಳು' ಎಂಬ ಅರ್ಥದ ಹೆಸರಿನ ಹೆಣ್ಣು ಯಂತ್ರಕ್ಕೇ ಮಾತು ಕಲಿಸಿದಳು!

ಹೀಗೆ ಒಂದು ಬೈಗುಳವನ್ನು ಹೆಣ್ಣುಮಕ್ಕಳು ಗೆದ್ದು ಮಾನದ ಹೆಸರು ಮಾಡಿದರು. ಆದರೆ ಆ ಹೆಸರು ಹುಟ್ಟಿದ ರೋಗ, ಇನ್ನೊಬ್ಬರ ಮಾತಿಗೆ ನಗುವ ರೋಗ, ಹೋಯಿತೇ? ಹೋಗಿಲ್ಲ. ಅದು ನಮಗೂ ಹತ್ತಿದೆ.

ನಾವೇ ಬರ್ಬರರಾಗಿದ್ದ ದಿನ

ಕನ್ನಡದ ಅಭಿಮಾನಿಗಳು ವೇದಿಕೆಯ ಮೇಲೆ ಎದೆಯುಬ್ಬಿಸಿ ಹೇಳುವ ಒಂದು ಮಾತಿದೆ: "ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕ್ ನಾಟಕದಲ್ಲಿ ಕನ್ನಡ ಇತ್ತು!" ಚಪ್ಪಾಳೆ ಬೀಳುತ್ತದೆ. ಆ ನಾಟಕದಲ್ಲಿ ನಮ್ಮ ಮಾತು ಯಾತಕ್ಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳೋಣ ಬನ್ನಿ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ತಿಪ್ಪೆಗುಂಡಿ ಅಗೆದಾಗ ಸಾವಿರಾರು ಪಪೈರಸ್ ಹಾಳೆಗಳು ಸಿಕ್ಕವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ಹಾಳೆಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಹಾಳೆ ಕ್ರಿ.ಶ. 2ನೆಯ ಶತಮಾನದ್ದು. ನಾಯಕಿಯ ಹೆಸರು ಖಾರಿಟಿಯೊನ್. ಅದೂ ಗ್ರೀಕ್ ಹೆಣ್ಣು ಹೆಸರೇ, ಚೆಲುವು, ಕೃಪೆ ಎಂಬರ್ಥದ 'ಖಾರಿಸ್' ಶಬ್ದದಿಂದ ಬಂದದ್ದು. ನಮ್ಮಲ್ಲಾದರೆ ಚೆಲುವಿ ಎನ್ನುತ್ತಿದ್ದೆವು. ಈ ಚೆಲುವಿ ಹಿಂದೂಸ್ಥಾನದ ಕಡಲತೀರದ ಒಂದು ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಬಿಡಿಸಲು ಬರುತ್ತಾನೆ. ಇಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅವರು ಮತ್ತೇರಿ ಬಿದ್ದಾಗ ತಂಗಿಯನ್ನು ಹಡಗು ಹತ್ತಿಸಿಕೊಂಡು ಪರಾರಿಯಾಗುತ್ತಾನೆ.

ಈ ರಾಜನೂ ಅವನ ಕಡೆಯವರೂ ಗ್ರೀಕರಿಗೆ ಅರ್ಥವಾಗದ ಭಾಷೆಯೊಂದರಲ್ಲಿ ಮಾತಾಡುತ್ತಾರೆ. 1904ರಲ್ಲಿ ಶಾಸನತಜ್ಞ ಹುಲ್ಷ್ ಅದರಲ್ಲಿ ಕನ್ನಡದ ಶಬ್ದಗಳಿವೆ ಎಂದರು. ಆರ್. ಶಾಮಾಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮುಂತಾದವರು ಆ ಚರ್ಚೆಯನ್ನು ಮುಂದುವರಿಸಿದರು. ಕೊಂಚ, ಮಧು, ಪಾತ್ರೆ ಇಂಥ ಶಬ್ದಗಳನ್ನು ಅಲ್ಲಿ ಗುರುತಿಸಿದರು. ಬಾರ್ನೆಟ್ ಎಂಬ ವಿದ್ವಾಂಸರು 1926ರಲ್ಲಿ ಅದು ಕನ್ನಡವಲ್ಲ ಎಂದು ವಾದಿಸಿದರು. ಅದು ತುಳು ಎಂದವರೂ ಇದ್ದಾರೆ. ಜಗಳ ಮುಗಿದಿಲ್ಲ, ನಾನು ಅದನ್ನು ಇಲ್ಲಿ ಮುಗಿಸಹೊರಟಿಲ್ಲ.

ನನಗೆ ಬೇಕಾದ್ದು ಬೇರೆ. ಅದು ಕನ್ನಡವೇ ಆಗಿದ್ದರೆ, ಅಲ್ಲಿ ಏಕೆ ಇದೆ? ನಮ್ಮ ಭಾಷೆಯ ಮೇಲಿನ ಪ್ರೀತಿಯಿಂದ ಆ ನಾಟಕಕಾರ ಅದನ್ನು ಬರೆದನೇ? ಇಲ್ಲ ಗೆಳೆಯರೇ. ಪ್ರೇಕ್ಷಕರನ್ನು ನಗಿಸಲು! ಕುಡಿದು ತೂರಾಡುವ ಬರ್ಬರರು, ಅವರ ಬರ್ ಬರ್ ಮಾತು. ಅಂದಿನ ಈಜಿಪ್ಟಿನ ಪ್ರೇಕ್ಷಕರು ಹೊಟ್ಟೆ ಹಿಡಿದು ನಕ್ಕಿರಬೇಕು. ನಾವು ಯಾವುದನ್ನು ಕಿರೀಟ ಎಂದು ತಲೆಗೇರಿಸಿಕೊಂಡಿದ್ದೇವೋ ಅದು ನಮ್ಮ ಮಾತಿನ ಅಣಕ.

ಆ ರಂಗಮಂದಿರದ ನಗುವಿಗೂ ನಮ್ಮ ಕಂಪನಿಯ ಮಹಡಿಯ ನಗುವಿಗೂ ಏನು ವ್ಯತ್ಯಾಸ? ಒಂದೇ ವ್ಯತ್ಯಾಸ. ಅಂದು ನಕ್ಕವರು ಪರಕೀಯರು.

ತಿರುಳು ಎಲ್ಲಿದೆ, ಸಿಪ್ಪೆ ಎಲ್ಲಿದೆ?

ಈಗ ರೋಣಕ್ಕೆ ಹೋಗೋಣ. ಕವಿರಾಜಮಾರ್ಗ ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, ಕ್ರಿ.ಶ. 850ರ ಸುಮಾರಿನದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಅದು ಹೇಳಿದ್ದನ್ನು ನೀವೆಲ್ಲ ಭಾಷಣಗಳಲ್ಲಿ ಕೇಳಿದ್ದೀರಿ. ಅಲ್ಲಿಗೇ ಭಾಷಣ ನಿಲ್ಲುತ್ತದೆ, ಗ್ರಂಥ ನಿಲ್ಲುವುದಿಲ್ಲ. ಆ ನಾಡಿನೊಳಗೂ ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲ್ ಅಂದರೆ ಇಂದಿನ ಪಟ್ಟದಕಲ್ಲು. ಕೊಪಣ ಅಂದರೆ ಕೊಪ್ಪಳ. ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ಒಂಕುಂದ ಅಂದರೆ ಬೈಲಹೊಂಗಲದ ಕಡೆಯ ವಕ್ಕುಂದ.

ಒಂದು ನಕ್ಷೆ ತೆಗೆದುಕೊಂಡು ಈ ನಾಲ್ಕು ಊರಿಗೆ ಗೆರೆ ಎಳೆಯಿರಿ. ಒಳಗೆ ಏನು ಸಿಗುತ್ತದೆ? ನರಗುಂದ ಸಿಗುತ್ತದೆ. ರೋಣ ಸಿಗುತ್ತದೆ. ಗೆರೆಯ ಅಂಚಿನಲ್ಲೇ ಗಜೇಂದ್ರಗಡ ಸಿಗುತ್ತದೆ. ಬೆಂಗಳೂರು? ಗೆರೆಯಿಂದ ನೂರಾರು ಮೈಲಿ ದೂರ! ಯಾವ ನೆಲದ ಮಾತನ್ನು ಸಾವಿರ ವರ್ಷದ ಹಿಂದೆ ಕನ್ನಡದ ತಿರುಳು ಎಂದರೋ ಆ ನೆಲದ ಹುಡುಗನಿಗೆ ನಾವು ಸಿಪ್ಪೆಯ ಮೇಲೆ ಕೂತು ನಕ್ಕೆವು.

ಹಾಗೆಂದು ಬೆಂಗಳೂರಿನ ಕನ್ನಡ ಕೀಳು ಎನ್ನುತ್ತಿಲ್ಲ. ಕನ್ನಡದ ಒಳನುಡಿಗಳು ಎಷ್ಟೊಂದು ಬಗೆಯವೆಂದರೆ ಸಾವಿರ ನಾಲಗೆಯ ವಾಸುಕಿಗೂ ಅವುಗಳ ದೋಷ ಎಣಿಸಿ ಬೇಸರವಾದೀತು ಎಂದು ಕವಿರಾಜಮಾರ್ಗವೇ ಹೇಳುತ್ತದೆ. ಅಂದಿಗೇ ಕನ್ನಡ ಹಲವು ಇತ್ತು. ಹಲವು ಇರುವುದೇ ಅದರ ಜೀವ.

ಆ ಹುಡುಗನ ಮಾತನ್ನೇ ಇನ್ನೊಮ್ಮೆ ಕೇಳಿ. "ಬಂದಾರ್ರೀ." ಇದರಲ್ಲಿ ಎರಡು ಮರ್ಯಾದೆಗಳಿವೆ. 'ಬಂದಾರ' ಎಂಬುದು ಬಂದ ಅತಿಥಿಗೆ ಕೊಟ್ಟ ಮರ್ಯಾದೆ. ಕೊನೆಯ 'ರೀ' ಕೇಳುತ್ತ ಕೂತ ನಮಗೆ ಕೊಟ್ಟ ಮರ್ಯಾದೆ. ನಾವಾದರೆ 'ಬಂದ್ರು' ಎಂದು ಮುಗಿಸುತ್ತಿದ್ದೆವು, ಕೇಳುವವನ ಪಾಲಿಗೆ ಏನೂ ಇಲ್ಲ. ಅವನು ನಮಗೆ ಗೌರವ ಕೊಟ್ಟ. ಆ ಗೌರವದ ತುಂಡನ್ನೇ ಹಿಡಿದು ನಾವು ಅವನನ್ನು ಅಣಕಿಸಿದೆವು. ಒರಟು ಯಾರು?

ಈ ನುಡಿಯಲ್ಲಿ ಕಾವ್ಯ ಆಗುವುದಿಲ್ಲವೇ? ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು. ಧಾರವಾಡದ ಮಾತು ತೆಗೆದರೆ ಬೇಂದ್ರೆ ಎಲ್ಲಿ ಉಳಿದಾರು? ಚಂದ್ರಶೇಖರ ಕಂಬಾರರ ನಾಟಕಗಳಿಂದ ಬೆಳಗಾವಿ ಸೀಮೆಯ ಮಾತು ತೆಗೆದರೆ ರಂಗದ ಮೇಲೆ ಏನು ಉಳಿದೀತು? ಆದರೆ ನಮ್ಮ ಸಿನಿಮಾದವರು ಎಷ್ಟೋ ದಶಕ ಉತ್ತರ ಕರ್ನಾಟಕದ ಮಾತನ್ನು ನಗಿಸುವ ಆಳಿಗೋ ಹೊಡೆಯುವ ರೌಡಿಗೋ ಕೊಟ್ಟರು. ನಾಯಕ ಮಾತ್ರ ಹಳೇ ಮೈಸೂರಿನ ಕನ್ನಡ ಮಾತಾಡಿದ. ಎರಡು ಸಾವಿರ ವರ್ಷದ ಹಿಂದಿನ ಆ ಗ್ರೀಕ್ ಪ್ರಹಸನದ ಲೆಕ್ಕವೇ ಇದು. ನಾಯಕಿಯ ಮಾತು ಗ್ರೀಕ್, ಕುಡುಕರ ಮಾತು ಬರ್ ಬರ್.

ನರಗುಂದ ಯಾವ ಕನ್ನಡದಲ್ಲಿ ಕೂಗಿತು?

1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಕಡಿದು ನರಗುಂದದ ಅಗಸಿಗೆ ತೂಗುಹಾಕಿದರು. ಮುಂದಿನ ತಿಂಗಳು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ತಲೆ ತೂಗುಹಾಕಿದ್ದು ಬರ್ಬರ, ದೇಹ ತೂಗುಹಾಕಿದ್ದು ನ್ಯಾಯ! ಬರ್ಬರ ಎಂಬ ಪಟ್ಟ ಯಾರಿಗೆ ಎಂದು ತೀರ್ಮಾನಿಸುವವನು ಗೆದ್ದವನು. ಗ್ರೀಕರ ಕಾಲದಿಂದಲೂ ಹೀಗೇ.

1980ರ ಜುಲೈ 21. ಮಲಪ್ರಭಾ ಕಾಲುವೆಯ ಕರಭಾರದ ವಿರುದ್ಧ ಅದೇ ನರಗುಂದದ ರೈತರು ಬೀದಿಗಿಳಿದರು. ಗೋಲಿಬಾರು ಆಯಿತು, ಹೆಣಗಳು ಬಿದ್ದವು. ಅಲ್ಲಿಂದ ಹೊತ್ತಿದ ಕಿಡಿ ರಾಜ್ಯವನ್ನೆಲ್ಲ ಸುತ್ತಿತು. 1983ರ ಚುನಾವಣೆಯಲ್ಲಿ ಆಳುವ ಪಕ್ಷ ಮಣ್ಣುಮುಕ್ಕಿತು. 2015ರಲ್ಲಿ ಮಹದಾಯಿ ನೀರಿಗಾಗಿ ಮತ್ತೆ ಅದೇ ಊರಿನಲ್ಲಿ ವರ್ಷಗಟ್ಟಲೆ ಧರಣಿ ಕೂತರು. ಈ ಜನ ಯಾವ ಕನ್ನಡದಲ್ಲಿ ಘೋಷಣೆ ಕೂಗಿದರು? ನೀವು ನಕ್ಕ ಕನ್ನಡದಲ್ಲಿ. ಹೋರಾಟಕ್ಕೆ ಆ ಕನ್ನಡ ಬೇಕು, ಆಫೀಸಿಗೆ ಮಾತ್ರ ಬೇಡವೇ?

ಹೆಸರು ಉಳಿಸಿಕೊಳ್ಳುವ ಹಕ್ಕು

ಬರ್ಬರ ಎಂಬ ಮುದ್ರೆ ಹೊತ್ತ ಇನ್ನೊಂದು ಜನ ಉತ್ತರ ಆಫ್ರಿಕಾದಲ್ಲಿದ್ದಾರೆ. ಲೋಕ ಅವರನ್ನು ಬರ್ಬರ್ ಜನ ಎಂದೇ ಕರೆಯುತ್ತ ಬಂತು. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಎಂದು. ಮೊರಾಕೊದಲ್ಲಿ ಈ ಜನ ತಮ್ಮ ಭಾಷೆಯ ಹೆಸರನ್ನು ಮಕ್ಕಳಿಗಿಟ್ಟರೆ ಜನನ ನೋಂದಣಿ ಕಚೇರಿಗಳು ಬರೆದುಕೊಳ್ಳಲು ಒಪ್ಪದ ಕಾಲವಿತ್ತು. ಹೋರಾಡಿದರು. 2010ರಲ್ಲಿ ಅವರ ಹೆಸರುಗಳನ್ನು ಒಪ್ಪಿಕೊಳ್ಳಬೇಕೆಂದು ಸರ್ಕಾರ ಸೂಚನೆ ಕೊಟ್ಟಿತು. 2011ರ ಸಂವಿಧಾನದಲ್ಲಿ ಅವರ ಭಾಷೆ ಅಧಿಕೃತ ಭಾಷೆಯಾಯಿತು. ಪಕ್ಕದ ಅಲ್ಜೀರಿಯಾದಲ್ಲಿ 2016ರಲ್ಲಿ ಆಯಿತು.

ನಮ್ಮಲ್ಲಿ ಯಾವ ಕಚೇರಿಯೂ ಬಸವ್ವ ಎಂಬ ಹೆಸರನ್ನು ತಡೆದಿಲ್ಲ. ನಾಚಿಕೆ ತಡೆದಿದೆ. ರೋಣದ ಕಡೆ ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಮುತ್ತವ್ವ, ಶಾಂತವ್ವ, ನೀಲವ್ವ, ಇಟಗಿಯ ಭೀಮಾಂಬಿಕೆಯ ನೆನಪಿಗೆ ಭೀಮವ್ವ. ಆ ಹುಡುಗಿಯರು ಓದಿ ಬೆಂಗಳೂರಿಗೆ ಬಂದರೆ ಮೊದಲು ಉದುರುವುದು 'ಅವ್ವ'. ಆದರೆ ಗ್ರೀಕ್ ಮೂಲದ ಮಾರ್ಗರೆಟ್ ಎಂದರೆ ಏನು? ಮುತ್ತು. ಐರೀನ್ ಎಂದರೆ? ಶಾಂತಿ. ಮಾರ್ಗರೆಟ್ ಬಂದರೆ ಎದ್ದು ನಿಲ್ಲುತ್ತೇವೆ, ಮುತ್ತವ್ವ ಬಂದರೆ ತುಟಿ ಕಚ್ಚಿ ನಗುತ್ತೇವೆ. ಅರ್ಥ ಒಂದೇ ಅಲ್ಲವೇ!

ಗಜೇಂದ್ರಗಡದ ಹತ್ತಿರದ ಸೂಡಿಗೆ ಹೋಗಿ ನೋಡಿ. ಹನ್ನೊಂದನೆಯ ಶತಮಾನದಲ್ಲಿ ಆ ಸೀಮೆಯನ್ನು, ಕಿಸುಕಾಡು ಎಪ್ಪತ್ತನ್ನು, ಆಳಿದವಳು ಚಾಲುಕ್ಯರ ರಾಜಕುಮಾರಿ. ಅವಳ ಹೆಸರು ಅಕ್ಕಾದೇವಿ. ಅಕ್ಕ! ಅದೇ ಹೆಸರಿನಲ್ಲಿ ನಾಡು ಆಳಿದಳು, ಯುದ್ಧಕ್ಕೂ ನಡೆದಳು, ಕನ್ನಡ ಶಾಸನಗಳಲ್ಲಿ ಕಲ್ಲಾಗಿ ನಿಂತಳು. 'ಗುಣದ ಬೆಡಂಗಿ' ಎಂಬ ಬಿರುದು ಪಡೆದಳು. ಅವಳಿಗೆ ಆ ಹೆಸರಿನಿಂದ ನಾಚಿಕೆಯಾಗಲಿಲ್ಲ.

ಪರದೇಶದ ಹೆಸರು, ಪರದೇಶದ ಶಬ್ದ ಬೇಡ ಎನ್ನುತ್ತಿದ್ದಾನೆ ಎಂದು ತಪ್ಪು ತಿಳಿಯಬೇಡಿ. ರೋಣ ತಾಲ್ಲೂಕು ಕೇಂದ್ರ, ನರಗುಂದ ತಾಲ್ಲೂಕು ಕೇಂದ್ರ, ಇತ್ತೀಚೆಗೆ ಗಜೇಂದ್ರಗಡವೂ ತಾಲ್ಲೂಕು ಕೇಂದ್ರ. ಈ 'ಕೇಂದ್ರ' ಗ್ರೀಕರ 'ಕೆಂಟ್ರೋನ್' ಶಬ್ದದಿಂದ ಸಂಸ್ಕೃತಕ್ಕೆ ಬಂದು ನಮಗೆ ದಕ್ಕಿದ್ದು. ಮೇಲೆ ಹೇಳಿದ 'ಸುರಂಗ'ವೂ ಗ್ರೀಕರ 'ಸಿರಿಂಕ್ಸ್' ಶಬ್ದದ ಮೊಮ್ಮಗುವೇ. ನಮ್ಮ ಶಾಸನಗಳ 'ದ್ರಮ್ಮ' ನಾಣ್ಯದ ಹೆಸರೂ ಗ್ರೀಕರ ದ್ರಾಖ್ಮದ ಸಂತಾನ. ಬಂದದ್ದನ್ನೆಲ್ಲ ಅರಗಿಸಿಕೊಂಡು ಕನ್ನಡ ಮಾಡಿದೆವು. ಅರಗಿಸಿಕೊಳ್ಳುವ ಹೊಟ್ಟೆ ಗಟ್ಟಿಯಿದ್ದರೆ ಹೊರಗಿನ ಯಾವ ಶಬ್ದಕ್ಕೂ ಹೆದರಬೇಕಿಲ್ಲ. ಮಗಳಿಗೆ ಬಾರ್ಬರಾ ಎಂದು ಬೇಕಾದರೂ ಹೆಸರಿಡಿ. ಬಸವ್ವನಿಗೆ ನಗಬೇಡಿ.

ಇನ್ನು ನಿಮ್ಮ ಸರದಿ

ರೋಮಿನ ಕವಿ ಓವಿಡ್‌ನನ್ನು ಕ್ರಿ.ಶ. 8ರಲ್ಲಿ ಚಕ್ರವರ್ತಿ ಕಪ್ಪು ಸಮುದ್ರದ ದಂಡೆಗೆ ಗಡೀಪಾರು ಮಾಡಿದ. ಅಲ್ಲಿ ಅವನ ಭಾಷೆ ಯಾರಿಗೂ ತಿಳಿಯದು. ಇಲ್ಲಿ ನಾನೇ ಬರ್ಬರ, ನನ್ನ ಮಾತು ಇವರಿಗೆ ತಿಳಿಯದಲ್ಲ ಎಂದು ಆ ಮಹಾಕವಿ ಅಲವತ್ತುಕೊಂಡ. ಓವಿಡ್‌ಗೆ ಅದು ಪರದೇಶದಲ್ಲಿ ಆಯಿತು. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ, ಮಾಲುಗಳಲ್ಲಿ, ನಿಮಗೆ ನಿಮ್ಮ ನೆಲದಲ್ಲೇ ಹಾಗಾಗಿದೆ. "ಕನ್ನಡ್ ಗೊತ್ತಿಲ್ಲ" ಎಂಬ ಉತ್ತರ ಕೇಳಿ ನಿಮ್ಮ ರಕ್ತ ಕುದಿದಿದೆ. ಕುದಿಯಲೇಬೇಕು. ಆ ಕುದಿತ ನೆನಪಿಟ್ಟುಕೊಂಡು ರೋಣದ ಹುಡುಗನ ಮುಖ ನೋಡಿ. ಅವನಿಗೆ ಅದೇ ನೋವು ಕೊಟ್ಟವರು ನಾವು.

2024ರಲ್ಲಿ ಕಾನೂನು ತಿದ್ದಿ 60ರಷ್ಟು ಪಾಲು ಕನ್ನಡ ಬೋರ್ಡಿನ ಮೇಲೆ ಇರಬೇಕು ಎಂದಾಯಿತು. ಹೋರಾಡಿ ಪಡೆದದ್ದು, ಉಳಿಸಿಕೊಳ್ಳೋಣ. ಆದರೆ ಬೋರ್ಡಿಗೆ ಕಾನೂನು ಮಾಡಬಹುದು, ನಗುವ ಬಾಯಿಗೆ ಯಾವ ಕಾನೂನು? ಅದು ನಿಮ್ಮ ಕೈಯಲ್ಲೇ ಇದೆ. ಮೂರು ಕೆಲಸ ಹೇಳುತ್ತೇನೆ, ನಾಳೆಯಿಂದಲೇ ಮಾಡಿ.

ಒಂದು. ನಿಮ್ಮ ಪಕ್ಕದ ಮೇಜಿನಲ್ಲಿ, ಪೀಜಿಯಲ್ಲಿ, ಕಾಲೇಜಿನಲ್ಲಿ ಗದಗ, ಕೊಪ್ಪಳ, ಬೀದರ, ಕಾರವಾರದ ಗೆಳೆಯ ಗೆಳತಿಯರಿದ್ದಾರೆ. ಅವರ ಮಾತನ್ನು ತಿದ್ದಬೇಡಿ. "ನಿಮ್ಮೂರಾಗ ಇದಕ್ಕ ಏನಂತೀರಿ?" ಎಂದು ಕೇಳಿ. ವಾರಕ್ಕೊಂದು ಶಬ್ದ ಕಲಿಯಿರಿ. ವರ್ಷದಲ್ಲಿ ನಿಮ್ಮ ಕನ್ನಡ ಐವತ್ತು ಶಬ್ದ ಸಿರಿವಂತವಾಗುತ್ತದೆ.

ಎರಡು. ಬಾರ್ಬರಾ ಹೆಸರಿಗೆ ಕೊಟ್ಟ ಕಾಳಜಿಯನ್ನು ಬಸವ್ವನ ಹೆಸರಿಗೂ ಕೊಡಿ. ಪೂರ್ತಿ ಹೇಳಿ, ಕನ್ನಡದಲ್ಲಿ ಬರೆಯಿರಿ, ನಿಮ್ಮ ಅನುಕೂಲಕ್ಕೆ ತುಂಡು ಮಾಡಬೇಡಿ.

ಮೂರು. ಹೊರನಾಡಿನಿಂದ ಬಂದವನು ಕನ್ನಡ ಕಲಿಯತೊಡಗಿದರೆ ತೊದಲುತ್ತಾನೆ. ಬರ್ಬರ ಎಂದರೆ ತೊದಲುವವನೇ ಅಲ್ಲವೇ? ಅವನ "ನಾನು ಬರ್ತಾನೆ" ಎಂಬ ತಪ್ಪಿಗೆ ನೀವು ನಕ್ಕರೆ ಅವನು ಮರುದಿನವೇ ಹಿಂದಿಗೆ ಹೊರಳುತ್ತಾನೆ. ಕನ್ನಡ ಕಲಿಯದವನನ್ನು ಪ್ರಶ್ನಿಸುವ ಹಕ್ಕು ನಿಮಗಿದೆ. ಕಲಿಯುವವನಿಗೆ ನಗುವ ಹಕ್ಕು ಯಾರಿಗೂ ಇಲ್ಲ. ನೆರೆಯ ಭಾಷೆಯವರನ್ನು ಅಣಕಿಸಲು ನಮ್ಮಲ್ಲೂ ಕೊಳಕು ಶಬ್ದಗಳಿವೆ, ನಿಮಗೆ ಗೊತ್ತು. ಅವನ್ನು ಬಾಯಿಂದ ಉಗುಳಿಬಿಡಿ. ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲದ್ದೇ ನಿಜವಾದ ಬಂಗಾರ ಎಂದ ಗ್ರಂಥ ನಮ್ಮ ಮೊದಲ ಗ್ರಂಥ. ಅದರ ಮಕ್ಕಳು ನಾವು.

ಕೊನೆಗೊಂದು ಮಾತು. ಆ ದಿನ ಕೆಳಗೆ ನಿಂತಿದ್ದ ಬಾರ್ಬರಾ ಮೇಲೆ ಬಂದಾಗ ಆ ಹುಡುಗ ಬಾಗಿಲು ಹಿಡಿದು ನಿಂತಿದ್ದ. ಆಕೆ ಅವನ ಹೆಸರು ಕೇಳಿದರು. ಅವನು ಹೇಳಿದ. ಆಕೆಗೆ ಸರಿಯಾಗಿ ಬರಲಿಲ್ಲ. ಎರಡು ಸಲ, ಮೂರು ಸಲ ಪ್ರಯತ್ನಿಸಿ, ಸರಿಯಾಗಿ ಹೇಳಿದ ಮೇಲೇ ಒಳಗೆ ಬಂದರು. ಅವನ ಜೊತೆ ಒಂದೇ ಭಾಷೆ ಹಂಚಿಕೊಂಡ ನಾವು, ಅಷ್ಟು ಹೊತ್ತಿಗೆ, ಇನ್ನೂ ನಗುತ್ತಿದ್ದೆವು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲೇ ಇರಲಿ, ಈ ಪುಟ ಅವನ ಕೈಗೆ ಸಿಕ್ಕರೆ ಒಂದು ಮಾತು: ತಮ್ಮಾ, ತಪ್ಪಾತು. ಅವ್ವನ ಫೋನು ಬಂದ್ರ ಕೂತಲ್ಲೇ ಎತ್ತು. ಜೋರಾಗಿ ಮಾತಾಡು. ಎಲ್ಲಾರೂ ಕೇಳಲಿ.